ತುಕ್ಕಿಗಿಂತ ತಿಕ್ಕಿದ್ದೇ ಹೆಚ್ಚು ಕೆಡಿಸುತ್ತದೆ

ಪ್ರಶ್ನೆ: ಸಕಲೇಶಪುರದ ಕಡೆ ನಮ್ಮದು ಕಾಫಿ ತೋಟ. ಬೆಳೆ ರಕ್ಷಣೆಗೆ ಪರವಾನಗಿ ಸಿಕ್ಕಿದ ಮೇಲೆ ಏಪ್ರಿಲ್‌ನಲ್ಲಿ ಡೀಲರ್ ಮೂಲಕ 12 ಬೋರಿನ ಜೋಡು ನಳಿಗೆ ಕೋವಿ ಕೊಂಡೆ. ಸೆಕೆಂಡ್ ಹ್ಯಾಂಡ್. ತಂದಾಗಲೇ ನಳಿಗೆಯ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಇದ್ದವು, ತಲೆ ಕೆಡಿಸಿಕೊಳ್ಳಲಿಲ್ಲ. ಅದರ ಜೊತೆ ಬಂದ ಚರ್ಮದ ಚೀಲದಲ್ಲೇ ಹಾಕಿ ಬೀರುವಿನಲ್ಲಿ ಇಟ್ಟೆ. ಮಳೆ ಕಡಿಮೆಯಾದ ಮೇಲೆ ತೆಗೆದು ನೋಡಿದರೆ ಎರಡು ನಳಿಗೆಗಳ ನಡುವಿನ ಪಟ್ಟಿಯ ಉದ್ದಕ್ಕೂ ತುಕ್ಕು. ಕೆಳಗಡೆ ಒಂದು ಕಡೆ ಬೆರಳಿನ ಗುರುತಿನ ಹಾಗೆ ಕಲೆ. ಒಳಗೂ ಏನೋ ಮಬ್ಬು. ಪಕ್ಕದ ತೋಟದವರು ಎಮರಿ ಕಾಗದ ಹಾಕಿ ಉಜ್ಜಿ, ಆಮೇಲೆ ಎಲ್ಲಾದರೂ ಕಪ್ಪು ಹಾಕಿಸಿದರಾಯಿತು ಅನ್ನುತ್ತಾರೆ. ಹಾಗೆ ಮಾಡಲೇ? ಹೊಡೆದರೆ ಅಪಾಯವೇ? ವಾಪಸ್ ಕೊಡಬೇಕೇ?

ಉತ್ತರ: ಮೊದಲು ಆ ಎಮರಿ ಕಾಗದವನ್ನು ನೆರೆಯವರಿಗೆ ಹಿಂತಿರುಗಿಸಿ. ನೀವು ಹೇಳಿದ್ದರಲ್ಲಿ ಹೊರಗಿನ ತುಕ್ಕು ಒಂದು ಸಂಜೆಯ ಕೆಲಸ. ಪಟ್ಟಿಯ ಉದ್ದಕ್ಕೂ ಇರುವುದನ್ನು ಮತ್ತು ಒಳಗಿನ ಮಬ್ಬನ್ನು ಪರೀಕ್ಷೆ ಮಾಡದೆ ಏನೂ ಹೇಳಲಾಗದು. ಅಲ್ಲಿಯವರೆಗೆ ಆ ಕೋವಿಯಿಂದ ಒಂದು ತೋಟಾವನ್ನೂ ಹಾರಿಸಬೇಡಿ.

ಎಮರಿ ಯಾಕೆ ಬೇಡ? ಕೋವಿಯ ಆ ನೀಲಿಗಪ್ಪು ಬಳಿದ ಬಣ್ಣವಲ್ಲ. ಅದೂ ಒಂದು ಬಗೆಯ ತುಕ್ಕೇ, ಜಾತಿ ಮಾತ್ರ ಬೇರೆ. ಕೆಂಪು ತುಕ್ಕು ನೀರಿನಂಶ ಹಿಡಿದುಕೊಂಡ, ಪುಡಿಪುಡಿಯಾದ ಆಕ್ಸೈಡ್. ಅದು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಉಬ್ಬಿ ಎದ್ದು ಕೆಳಗಿನ ಉಕ್ಕನ್ನು ಮತ್ತೆ ಗಾಳಿಗೆ ತೆರೆದಿಡುತ್ತದೆ. ಬ್ಲೂಯಿಂಗ್ ಅನ್ನುವ ಕಪ್ಪು ಪದರ ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಕಪ್ಪು ಆಕ್ಸೈಡ್. ಅದು ಉಕ್ಕಿಗೆ ಅಂಟಿಕೊಂಡು ಕೂರುತ್ತದೆ, ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಅದರ ದಪ್ಪ ಕೂದಲೆಳೆಯಲ್ಲಿ ಒಂದು ಚೂರು. ಎಮರಿಗೆ ಕೆಂಪು ಯಾವುದು ಕಪ್ಪು ಯಾವುದು ಅಂತ ಗೊತ್ತಾಗುವುದಿಲ್ಲ. ನಾಲ್ಕು ಸಲ ಎಳೆದರೆ ಎರಡೂ ಹೋಗಿ ಬೆಳ್ಳಗಿನ ಉಕ್ಕು ಕಾಣುತ್ತದೆ. ನೋಡಲು ಚೆನ್ನಾಗೇ ಇರುತ್ತದೆ, ಮುಂದಿನ ಜೂನ್‌ವರೆಗೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಕೂಡ ಇದೇ ಪಂಗಡ, ಅದರೊಳಗೂ ಉಜ್ಜುವ ಹರಳುಪುಡಿ ಇರುತ್ತದೆ.

ಹುಳಿಯ ಕಥೆಯೂ ಇದೇ. ಹಿತ್ತಾಳೆ ಚೊಂಬು ಬೆಳಗಿದ ಅಭ್ಯಾಸದಲ್ಲಿ ಹುಣಸೆಹಣ್ಣು, ನಿಂಬೆ, ವಿನೆಗರ್ ಹಚ್ಚುವವರನ್ನು ನೋಡಿದ್ದೇನೆ. ಮಡಿಕೇರಿ ಕಡೆಯ ಒಬ್ಬರು ಕಾಚಂಪುಳಿ ಹಚ್ಚಿ ರಾತ್ರಿಯಿಡೀ ಬಿಟ್ಟಿದ್ದರು. ಹಂದಿ ಪಲ್ಯಕ್ಕೆ ಅದಕ್ಕೆ ಸಮ ಯಾವುದೂ ಇಲ್ಲ, ಕೋವಿಗೆ ಅದು ವಿಷ. ಬೆಳಿಗ್ಗೆ ತುಕ್ಕು ಹೋಗಿತ್ತು, ಜೊತೆಗೆ ನಳಿಗೆಯ ಅರ್ಧ ಉದ್ದಕ್ಕೆ ಬ್ಲೂಯಿಂಗ್ ಹೋಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಗಡಿಯಲ್ಲಿ ಸಿಗುವ ಬಹುಪಾಲು ರಸ್ಟ್ ರಿಮೂವರ್‌ಗಳೂ ಆಮ್ಲವೇ, ಹೆಚ್ಚಾಗಿ ಫಾಸ್ಫಾರಿಕ್ ಆಮ್ಲ. ಗೇಟಿಗೆ, ಸಲಿಕೆಗೆ ಸರಿ.

ಈಗ ಕೆಲಸಕ್ಕೆ ಬರೋಣ. ಕೋವಿ ಮಡಚಿ ಎರಡೂ ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ, ಖಾಲಿ ಇದೆಯೇ ಅಂತ ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಎಡಗೈ ಹಿಡಿಯುವ ಮರದ ತುಂಡನ್ನು ಕಳಚಿ ನಳಿಗೆಗಳನ್ನು ಬೇರ್ಪಡಿಸಿ. ಇಷ್ಟಕ್ಕೆ ಸ್ಕ್ರೂಡ್ರೈವರ್ ಬೇಡ. ಸ್ಕ್ರೂಡ್ರೈವರ್ ಬೇಕಾಗುವ ಭಾಗಕ್ಕೆ ನೀವು ಕೈ ಹಾಕಲೂ ಬೇಡಿ.

ಅದು ತುಕ್ಕು ಹೌದೋ ಅಲ್ಲವೋ ಅನ್ನುವುದು ಮೊದಲ ಪ್ರಶ್ನೆ. ಬಿಳಿ ಬನಿಯನ್ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಚುಕ್ಕೆಯ ಮೇಲೆ ಒತ್ತಿ ಒರೆಸಿ. ಬಟ್ಟೆಗೆ ಅಂಟಂಟಾದ ಬೆಲ್ಲದ ಪಾಕದಂಥ ಕಲೆ ಬಂದರೆ ಅದು ಒಣಗಿ ಗಟ್ಟಿಯಾದ ಹಳೆಯ ಗ್ರೀಸು. ಹೊಸ ಕೋವಿ ಕೊಂಡವರು ಪೆಟ್ಟಿಗೆ ತೆರೆದ ಕೂಡಲೇ ಗಾಬರಿಯಾಗುವುದು ಬಹಳ ಸಲ ಇದಕ್ಕೇ. ಚಹಾದ ಬಣ್ಣ ಬಂದು, ಬೆರಳಿಗೆ ಸಣ್ಣ ಪುಡಿ ಸಿಕ್ಕರೆ ತುಕ್ಕು. ಮೂರನೆಯ ಸಾಧ್ಯತೆಯೂ ಒಂದಿದೆ. ಕೊಡಗು ಮಲೆನಾಡುಗಳ ಹಳೆಯ ಮನೆಗಳಲ್ಲಿ ಡಮಾಸ್ಕಸ್ ನಳಿಗೆಯ ವಿಲಾಯತಿ ಕೋವಿಗಳು ಈಗಲೂ ಇವೆ. ಕಬ್ಬಿಣ ಮತ್ತು ಉಕ್ಕಿನ ಎಳೆಗಳನ್ನು ಹೆಣೆದು, ಸುತ್ತಿ, ಬಡಿದು ಮಾಡಿದ ನಳಿಗೆ. ಅದರ ಕಂದು ಬಣ್ಣವೇ ಅದರ ಅಲಂಕಾರ. ಓರೆಯಾಗಿ ಹಿಡಿದಾಗ ನೀರಿನ ಸುಳಿಯಂಥ ವಿನ್ಯಾಸ ಮೈತುಂಬ ಕಂಡರೆ ಕೈ ತೆಗೆಯಿರಿ, ತಿಳಿದವರಿಗೆ ತೋರಿಸಿ. ಆ ನಳಿಗೆಗಳನ್ನು ಮಾಡಿದ್ದು ಕರಿಮದ್ದಿನ ಕಾಲಕ್ಕೆ, ಇಂದಿನ ತೋಟಾ ಅದರಲ್ಲಿ ಹಾಕುವಂಥದ್ದಲ್ಲ. ನಿಮ್ಮದರಲ್ಲಿ ಚುಕ್ಕೆ ಅಲ್ಲಲ್ಲಿ ಇದೆ ಅಂದಿದ್ದೀರಿ, ಹಾಗಾಗಿ ತುಕ್ಕೇ ಇರಬೇಕು.

ಬೇಕಾದದ್ದು ಹೊಲಿಗೆ ಯಂತ್ರದ ಎಣ್ಣೆ, ಬಟ್ಟೆ, ಮತ್ತು ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವುಲ್. ಮರಗೆಲಸದ ಪಾಲಿಶ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ, ಅಡುಗೆಮನೆಯ ಸ್ಟೀಲ್ ನಾರು ಅಲ್ಲ. ತುಕ್ಕಿನ ಮೇಲೆ ಎಣ್ಣೆ ಧಾರಾಳವಾಗಿ ಹಾಕಿ, ಅಷ್ಟೇ ಮಾಡಿ ಊಟಕ್ಕೆ ಹೋಗಿ. ಎರಡು ಗಂಟೆ ನೆನೆಯಲಿ. ಬಂದ ಮೇಲೆ ಬಟ್ಟೆಯಿಂದ ಒರೆಸಿದರೆ ಅರ್ಧ ತುಕ್ಕು ಬಟ್ಟೆಗೇ ಬಂದಿರುತ್ತದೆ. ಉಳಿದದ್ದಕ್ಕೆ ಮತ್ತೆ ಎಣ್ಣೆ ಹಾಕಿ, ಸ್ಟೀಲ್ ವುಲ್‌ನ ಗೋಲಿಗಾತ್ರದ ಉಂಡೆಯಿಂದ, ಮಗುವಿನ ಕೆನ್ನೆ ಒರೆಸುವಷ್ಟೇ ಒತ್ತಿ, ನಳಿಗೆಯ ಉದ್ದಕ್ಕೆ ತಿಕ್ಕಿ. ಎಣ್ಣೆ ಕೆಂಪಗಾದ ಕೂಡಲೇ ಒರೆಸಿ ಹೊಸದು ಹಾಕಿ. ಆ ಕೆಂಪಾದ ಎಣ್ಣೆಯಲ್ಲಿರುವುದು ತುಕ್ಕಿನ ಪುಡಿ, ಅದರಲ್ಲೇ ತಿಕ್ಕುತ್ತಾ ಹೋದರೆ ನೀವೇ ಎಮರಿ ತಯಾರಿಸಿಕೊಂಡ ಹಾಗೆ. ನಡುವೆ ಎಣ್ಣೆ ಕಪ್ಪಾಗತೊಡಗಿದರೆ ನಿಲ್ಲಿಸಿ, ಬ್ಲೂಯಿಂಗ್ ಏಳುತ್ತಿದೆ ಅಂತ ಅರ್ಥ.

ಒಂದೆರಡು ಹಟಮಾರಿ ಚುಕ್ಕೆ ಉಳಿಯುತ್ತವೆ. ಅದಕ್ಕೆ ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ತೂತು ಕಾಸು ಇದೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಬಿಟ್ಟು ಟಂಕಿಸಿದ ಕಂಚಿನ ಕಾಸು. ಕಂಚು ತುಕ್ಕನ್ನು ಕೆರೆಯುತ್ತದೆ, ಉಕ್ಕಿಗಿಂತ ಮೆತ್ತಗಾದ್ದರಿಂದ ನಳಿಗೆಗೆ ಗೀರು ಬೀಳುವುದಿಲ್ಲ. ಎಣ್ಣೆಯ ಮೇಲೆ ಅದರ ಅಂಚನ್ನು ಓರೆಯಾಗಿ ಹಿಡಿದು ತಳ್ಳಿದರೆ ಚುಕ್ಕೆ ಹಪ್ಪಳೆಯಾಗಿ ಏಳುತ್ತದೆ. ಅಜ್ಜಿಯ ಡಬ್ಬಿಯಲ್ಲಿ ಹಳೆಯ ತಾಮ್ರದ ಕಾಸು ಯಾವುದಿದ್ದರೂ ನಡೆಯುತ್ತದೆ. ಈಗಿನ ರೂಪಾಯಿ ನಾಣ್ಯ ಸ್ಟೀಲು, ಅದು ಬೇಡ.

ತುಕ್ಕು ಎದ್ದ ಜಾಗವನ್ನು ಉಗುರಿನಿಂದ ಸವರಿ ನೋಡಿ. ನುಣ್ಣಗಿದ್ದರೆ ತುಕ್ಕು ಚರ್ಮದ ಮೇಲಷ್ಟೇ ಇತ್ತು. ಉಗುರು ಸಿಕ್ಕಿಕೊಂಡರೆ ಗುಳಿ ಬಿದ್ದಿದೆ. ಸಿಡುಬಿನ ಕಲೆಯ ಹಾಗೆ, ರೋಗ ಹೋದರೂ ಗುಳಿ ಉಳಿಯುತ್ತದೆ. ಹೊರಮೈಯಲ್ಲಿ ನಾಲ್ಕಾರು ಸಣ್ಣ ಗುಳಿ ಇದ್ದರೆ ಬಿಟ್ಟುಬಿಡಿ. ಅದನ್ನು ಮಟ್ಟ ಮಾಡಲು ಸುತ್ತಲಿನ ಉಕ್ಕನ್ನೆಲ್ಲ ತೆಗೆಯಬೇಕು. ಅನೇಕ ಕೋವಿಗಳಲ್ಲಿ ನಳಿಗೆಯ ನಡುಭಾಗದ ಗೋಡೆ ಒಂದು ಮಿಲಿಮೀಟರಿಗೂ ತೆಳು.

ಒಂದು ಜಾಗದಲ್ಲಿ ಮಾತ್ರ ನಾಣ್ಯವೂ ಬೇಡ, ವುಲ್ ಕೂಡ ಬೇಡ. ಅದು ಕೋವಿಯ ನಂಬರ್ ಕೊರೆದಿರುವ ಕಡೆ. ಅಲ್ಲಿ ಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮಿನಂತೆ ನಂಬರನ್ನು ಅಳಿಸುವುದು, ತಿದ್ದುವುದು ಅಪರಾಧ. ಅಳಿಸಿದ ನಂಬರಿನ ಕೋವಿ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದ್ದು ಅಂತ ಊಹಿಸಲಾಗುತ್ತದೆ, ಅಲ್ಲ ಅಂತ ತೋರಿಸುವ ಹೊರೆ ಅವರದ್ದು. ಪರವಾನಗಿ ನವೀಕರಣಕ್ಕೆ ಕೋವಿ ತೋರಿಸುವಾಗ ಎಂಟೋ ಮೂರೋ ಅಂತ ಕಾಣದ ಅಂಕಿ ಇಟ್ಟುಕೊಂಡು ತುಕ್ಕಿನ ಕಥೆ ಹೇಳುವ ಪಾಡು ಬೇಡ.

ಈಗ ಪಟ್ಟಿ. ನನಗೆ ನಿಮ್ಮ ಪತ್ರದಲ್ಲಿ ನಿಜವಾಗಿ ಚಿಂತೆ ಹುಟ್ಟಿಸಿದ್ದು ಇದೊಂದೇ. ಜೋಡು ನಳಿಗೆ ಅಂದರೆ ಎರಡು ಕೊಳವೆಗಳನ್ನು ಪಕ್ಕಪಕ್ಕ ಇಟ್ಟು, ಮೇಲೊಂದು ಕೆಳಗೊಂದು ರಿಬ್ ಪಟ್ಟಿಯನ್ನು ತವರ-ಸೀಸದ ಬೆಸುಗೆಯಿಂದ ಕೂರಿಸಿರುವುದು. ಪಟ್ಟಿಯ ಕೆಳಗೆ ಟೊಳ್ಳು. ಬೆಸುಗೆ ಎಲ್ಲಾದರೂ ಸಡಿಲವಾಗಿದ್ದರೆ ಆ ಟೊಳ್ಳಿನೊಳಗೆ ತೇವ ಸೇರುತ್ತದೆ, ಹೊರಗೆ ನೀವು ಎಷ್ಟೇ ಎಣ್ಣೆ ಹಚ್ಚಿದರೂ ಒಳಗಿನಿಂದ ತಿನ್ನುತ್ತಾ ಇರುತ್ತದೆ. ಅಂಚಿನ ಉದ್ದಕ್ಕೂ ಗೆರೆ ಎಳೆದ ಹಾಗೆ ತುಕ್ಕು ಬಂದರೆ ಎರಡೇ ಕಾರಣ: ಮೂಲೆಯಾದ್ದರಿಂದ ಅಲ್ಲಿಗೆ ಬಟ್ಟೆ ತಲುಪಿಲ್ಲ, ಇಲ್ಲವೇ ಒಳಗಿಂದ ಒಸರುತ್ತಿದೆ.

ಕಿವಿಯಿಂದ ತಿಳಿಯಬಹುದು. ಮರದ ಭಾಗವೆಲ್ಲ ಬೇರ್ಪಟ್ಟ ನಳಿಗೆಗಳ ಜೋಡಿಯನ್ನು, ಚೇಂಬರಿನ ಕೆಳಗಿರುವ ಕೊಕ್ಕೆಯಂಥ ಭಾಗಕ್ಕೆ ಒಂದು ಬೆರಳು ಸಿಕ್ಕಿಸಿ ನೇತು ಹಿಡಿಯಿರಿ. ಬೇರೆಲ್ಲೂ ಕೈ ತಾಗಬಾರದು. ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಬೆಸುಗೆ ಗಟ್ಟಿ ಇದ್ದರೆ ದೇವಸ್ಥಾನದ ಜಾಗಟೆಯ ಹಾಗೆ ನಾದ ಎಳೆದುಕೊಂಡು ಹೋಗುತ್ತದೆ. ಸಡಿಲ ಇದ್ದರೆ ಒಡೆದ ಮಡಕೆ ತಟ್ಟಿದ ಹಾಗೆ ‘ಟಪ್’ ಅಂದು ಅಲ್ಲೇ ಸಾಯುತ್ತದೆ, ಇಲ್ಲವೇ ಸಣ್ಣಗೆ ಝರಝರ ಅನ್ನುತ್ತದೆ. ಪಟ್ಟಿಯ ಉದ್ದಕ್ಕೂ ಸ್ವಲ್ಪ ಎಣ್ಣೆ ಬಿಟ್ಟು, ಒರೆಸಿ, ಬೆರಳಿನಿಂದ ಒತ್ತಿದಾಗ ಅಂಚಿನಿಂದ ಎಣ್ಣೆಯ ಗುಳ್ಳೆ ಎದ್ದರೆ ಅನುಮಾನ ಇಲ್ಲವೇ ಇಲ್ಲ. ಹಾಗಾದರೆ ಪಟ್ಟಿ ಬಿಚ್ಚಿ ಮತ್ತೆ ಬೆಸೆಯಬೇಕು, ಅದು ಪರವಾನಗಿ ಇರುವ ನುರಿತ ರಿಪೇರಿಯವರ ಕೆಲಸ. ಖರ್ಚು ಕೋವಿಯ ಬೆಲೆಯ ಹತ್ತಿರ ಹೋಗಬಹುದು. ನಾದ ಚೆನ್ನಾಗಿ ಬಂದರೆ ಹಲ್ಲುಕಡ್ಡಿಗೆ ಎಣ್ಣೆ ಬಟ್ಟೆ ಸುತ್ತಿ ಆ ಸಂದಿನ ಉದ್ದಕ್ಕೂ ಎಳೆಯಿರಿ, ಅಷ್ಟೇ.

ಒಳಗಿನ ಮಬ್ಬು. ಶಬ್ದ ಅಪಾಯ ತಿಳಿಸದ ಕಡೆ ಕಣ್ಣು ತಿಳಿಸಬೇಕು. ಮೊದಲು ಕೋಲಿಗೆ ಬಟ್ಟೆ ಕಟ್ಟಿ ಎರಡೂ ನಳಿಗೆಗಳಲ್ಲಿ ಚೇಂಬರಿನ ಕಡೆಯಿಂದ ಆಚೆಗೆ ತಳ್ಳಿ. ಮಲೆನಾಡಿನ ಮನೆಗಳಲ್ಲಿ ಗೋಡೆಗೆ ಒರಗಿಸಿಟ್ಟ ಕೋವಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟುವುದು ಹೊಸದೇನಲ್ಲ. ಬೆರಳುದ್ದದ ಆ ಮಣ್ಣು ಸಾಕು, ಹೊಡೆದಾಗ ನಳಿಗೆ ಉಬ್ಬುತ್ತದೆ ಅಥವಾ ಬಿರಿಯುತ್ತದೆ. ಬಳಿಕ ಬೆಳಕಿನ ಕಡೆ, ಕಿಟಕಿಯ ಅಡ್ಡಪಟ್ಟಿಗೆ ಗುರಿಯಿಟ್ಟು ಒಳಗೆ ನೋಡುತ್ತಾ ನಿಧಾನ ತಿರುಗಿಸಿ. ನೆರಳಿನ ಗೆರೆ ನೇರವಾಗಿ ಜಾರಬೇಕು. ಉಂಗುರದಂಥ ಕಪ್ಪು ನೆರಳು ಒಂದೇ ಕಡೆ ನಿಂತರೆ ಅಲ್ಲಿ ಉಬ್ಬಿದೆ. ಮಬ್ಬು ಬರೀ ತುಕ್ಕಿನ ಹೊಗೆಯಾಗಿದ್ದರೆ ಕಂಚಿನ ಬ್ರಷ್ಷಿಗೆ ಎಣ್ಣೆ ಹಾಕಿ ಹತ್ತು ಹದಿನೈದು ಸಲ ಆಡಿಸಿದಾಗ ಹೋಗುತ್ತದೆ.

ಗುಳಿ ಎಲ್ಲಿದೆ ಅನ್ನುವುದರ ಮೇಲೆ ತೀರ್ಮಾನ. ಬಾಯಿಯ ಕಡೆ ಎರಡು ಮೂರು ಸಣ್ಣ ಗುಳಿಗಳಿದ್ದರೂ ಬಹಳ ಕಾಲ ಹೊಡೆದವರಿದ್ದಾರೆ. ಚೇಂಬರಿನಲ್ಲಿ ಅಥವಾ ಅದರ ಮುಂದಿನ ಒಂದು ಗೇಣಿನಲ್ಲಿ ಇದ್ದರೆ ಹೊಡೆಯಬೇಡಿ. ಸಾಮಾನ್ಯ 12 ಬೋರ್, 70 ಮಿಲಿಮೀಟರ್ ತೋಟಾಗೆ ಯುರೋಪಿನ ಮಾನಕ ಒಪ್ಪುವ ಗರಿಷ್ಠ ಒತ್ತಡ 740 ಬಾರ್. ನಿಮ್ಮ ಜೀಪಿನ ಟಯರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಆ ಒತ್ತಡ ಏರುವುದು ಇದೇ ಮೊದಲ ಭಾಗದಲ್ಲಿ. ನೋಡುವಾಗಲೇ ಚೇಂಬರ್ 65 ಮಿಲಿಮೀಟರಿನದೋ 70ರದೋ ಅಂತಲೂ ಅಳೆಸಿಕೊಳ್ಳಿ. ಹಳೆಯ ಕೋವಿಗಳಲ್ಲಿ 65 ಇರುತ್ತದೆ. 70ರ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಆದರೆ ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಮಿತಿ ಮೀರುತ್ತದೆ.

ಕಪ್ಪು ಹಾಕಿಸುವ ಸಲಹೆಗೆ ಬರುತ್ತೇನೆ. ಕಾರ್ಖಾನೆಗಳಲ್ಲಿ ಮಾಡುವ ಬಿಸಿ ಬ್ಲೂಯಿಂಗ್ ಅಂದರೆ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ, ಸುಮಾರು 140 ಡಿಗ್ರಿಯ ಕುದಿಯುವ ದ್ರಾವಣದಲ್ಲಿ ಮುಳುಗಿಸುವುದು. ಒಂಟಿ ನಳಿಗೆಗೆ ಸರಿ. ತವರದ ಬೆಸುಗೆ ಇರುವ ಜೋಡು ನಳಿಗೆಯನ್ನು ಅದರಲ್ಲಿ ಅದ್ದಿದರೆ ಕಾಸ್ಟಿಕ್ ಬೆಸುಗೆಯನ್ನೇ ತಿನ್ನುತ್ತದೆ. ಪಟ್ಟಿಯ ಕೆಳಗೆ ಉಳಿದ ಲವಣ ತಿಂಗಳುಗಟ್ಟಲೆ ಬಿಳಿಯಾಗಿ ಒಸರುತ್ತಿರುತ್ತದೆ. ಹೊಳೆಯುವ ಹೊಸ ಕಪ್ಪಿನಲ್ಲಿ ಬಂದು ಆರು ತಿಂಗಳಿಗೆ ಪಟ್ಟಿ ಎದ್ದ ಕೋವಿಯನ್ನು ನಾನೇ ಬಿಚ್ಚಿದ್ದೇನೆ. ಜೋಡು ನಳಿಗೆಗೆ ಹೇಳಿ ಮಾಡಿಸಿದ ವಿಧಾನ ಹಳೆಯದು, ನಿಧಾನದ್ದು: ತೆಳ್ಳಗೆ ತುಕ್ಕು ಬರಿಸಿ, ಶುದ್ಧ ನೀರಿನಲ್ಲಿ ಕುದಿಸಿ, ಕೆಂಪು ಕಪ್ಪಾದ ಮೇಲೆ ಮೃದುವಾಗಿ ಉಜ್ಜಿ, ಇದನ್ನೇ ಐದಾರು ಸಲ ಮಾಡುವುದು. ಹೌದು, ಕುದಿನೀರಿನಲ್ಲಿ ಕೆಂಪು ತುಕ್ಕು ಕಪ್ಪು ಆಕ್ಸೈಡಾಗಿ ತಿರುಗುತ್ತದೆ, ನೋಡಲು ಮಾಟದಂತಿರುತ್ತದೆ. ನಿಮ್ಮ ಕೋವಿಗೆ ಈಗ ಅದರ ಅಗತ್ಯ ನನಗೆ ಕಾಣುವುದಿಲ್ಲ. ಬಾಟಲಿಯಲ್ಲಿ ಬರುವ ತಣ್ಣನೆಯ ಬ್ಲೂ ಗೀರು ಮುಚ್ಚುತ್ತದೆ, ತುಕ್ಕು ತಡೆಯುವುದಿಲ್ಲ. ಯಾವುದಾದರೂ ಸರಿ, ಲೇತ್ ಅಂಗಡಿಗೆ ಕೊಡಬೇಡಿ. ಕೋವಿ ರಿಪೇರಿಗೂ ಪರವಾನಗಿ ಬೇಕು ಅನ್ನುತ್ತದೆ ಅದೇ ಕಾಯ್ದೆ.

ಇಷ್ಟು ಮಾಡಿ ಮತ್ತೆ ಆ ಚರ್ಮದ ಚೀಲಕ್ಕೆ ಹಾಕಿದಿರೋ, ಎಲ್ಲ ವ್ಯರ್ಥ. ನಿಮ್ಮ ಕೋವಿಗೆ ತುಕ್ಕು ಹಿಡಿಸಿದ್ದು ಅದೇ. ಚರ್ಮ ಹದ ಮಾಡುವಾಗ ಬಳಸಿದ ಆಮ್ಲ, ಲವಣ ಅದರಲ್ಲಿ ಉಳಿದಿರುತ್ತವೆ, ಮಳೆಗಾಲದ ತೇವವನ್ನು ಅದು ಹೀರಿ ನಳಿಗೆಗೆ ಒತ್ತಿ ಹಿಡಿಯುತ್ತದೆ. ಸ್ಪಂಜಿನ ಪೆಟ್ಟಿಗೆಯೂ ಅಷ್ಟೇ. ಚೀಲ ಪ್ರಯಾಣಕ್ಕೆ, ಮನೆಯಲ್ಲಿ ಕೋವಿಗೆ ಗಾಳಿಯಾಡಬೇಕು, ಬೀರುವಿಗೆ ಬೀಗ ಇರಬೇಕು. ಬೆರಳಿನ ಗುರುತು ಅಂದಿರಲ್ಲ, ಅದು ಗುರುತಿನ ಹಾಗೆ ಇರುವುದಲ್ಲ, ಬೆರಳಿನ ಗುರುತೇ. ಬೆವರಿನ ಉಪ್ಪು. ಕೊಡಗಿನ ಮದುವೆಯಿಂದ ಬಂದ ಒಂದು ಕೋವಿಯ ಮೇಲೆ ಹೆಬ್ಬೆಟ್ಟಿನ ಗೆರೆಗಳೂ ಎಣಿಸುವಷ್ಟು ಸ್ಪಷ್ಟವಾಗಿ ತುಕ್ಕು ಮೂಡಿತ್ತು. ನೋಂದಣಿ ಕಚೇರಿಯಲ್ಲಿ ಒತ್ತಿಸಿಕೊಂಡರೂ ಅಷ್ಟು ಚೆನ್ನಾಗಿ ಬರುವುದಿಲ್ಲ.

ಗಾಳಿಯ ತೇವ ನೂರಕ್ಕೆ ಅರವತ್ತು ದಾಟಿದರೆ ಉಕ್ಕಿಗೆ ತುಕ್ಕು ಜೋರಾಗುತ್ತದೆ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಂಬತ್ತರ ಆಸುಪಾಸು. ಬೀರುವಿನಲ್ಲಿ ಹಿಂದೆ ಇಪ್ಪತ್ತೈದು ವಾಟಿನ ಬಲ್ಬು ಉರಿಸುತ್ತಿದ್ದರು, ಅದರ ಕಾವಿಗೆ ಒಳಗೆ ಒಣಗಿರುತ್ತಿತ್ತು. ಒಬ್ಬರು ಕರೆಂಟು ಉಳಿಸಲು ಅದನ್ನು ತೆಗೆದು ಎಲ್‌ಇಡಿ ಹಾಕಿದರು, ಬೆಳಕು ಹೆಚ್ಚಾಯಿತು, ಕೋವಿಗೆ ತುಕ್ಕೂ ಬಂತು. ಈಗ ನಾನು ಹೇಳುವುದು ಸಿಲಿಕಾ ಜೆಲ್. ಬಣ್ಣ ತಿರುಗುವ ಜಾತಿಯದನ್ನು ಅರ್ಧ ಕಿಲೋ ತಂದು ಬಟ್ಟೆಚೀಲದಲ್ಲಿಡಿ. ಬಣ್ಣ ತಿರುಗಿದಾಗ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಎಣ್ಣೆ ಯಾವುದು? ಹೊಲಿಗೆ ಯಂತ್ರದ್ದು ವಾರಕ್ಕೊಮ್ಮೆ ಒರೆಸುವವರಿಗೆ ಸಾಕು. ಮಳೆಗಾಲವಿಡೀ ಮುಟ್ಟದವರು ಒಳಗೂ ಹೊರಗೂ ತೆಳ್ಳಗೆ ಗ್ರೀಸು ಸವರಿ. ಸ್ಪ್ರೇ ಡಬ್ಬಿಯ ಡಬ್ಲ್ಯೂಡಿ-40 ನೀರು ಹೊರದಬ್ಬಲು ಒಳ್ಳೆಯದು, ಆದರೆ ಅದರ ಬಹುಪಾಲು ಹಾರಿಹೋಗುತ್ತದೆ, ನಾಲ್ಕು ತಿಂಗಳ ಕಾವಲಿಗೆ ಆಗದು. ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಎಂಜಿನ್ ಆಯಿಲ್‌ನಲ್ಲಿ ಆಮ್ಲ ಸೇರಿರುತ್ತದೆ, ಬೇಡ. ಕೊಬ್ಬರಿ ಎಣ್ಣೆ ಹಳಸಿ ಅಂಟಾಗುತ್ತದೆ. ಅದೂ ಅಲ್ಲದೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ವಸ್ತು, ಡಿಸೆಂಬರ್ ಬೆಳಗಿನಲ್ಲಿ ನಿಮ್ಮ ಟ್ರಿಗರ್ ಏನಾಗುತ್ತದೆ ನೀವೇ ಊಹಿಸಿ. ಎಣ್ಣೆ ಹಚ್ಚಿದ ಕೋವಿಯನ್ನು ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಕೆಳಗೊಂದು ಬಟ್ಟೆ ಇರಲಿ. ಬಾಯಿ ಮೇಲಾಗಿ ನಿಲ್ಲಿಸಿದರೆ ಎಣ್ಣೆ ಇಳಿದು ಹಿಡಿಯ ಮರಕ್ಕೆ ಸೇರುತ್ತದೆ, ವರ್ಷಗಳಲ್ಲಿ ಮರ ಮೆತ್ತಗಾಗಿ ಸ್ಕ್ರೂ ನಿಲ್ಲದಂತಾಗುತ್ತದೆ. ಹೊಡೆಯುವ ಮುನ್ನ ಒಳಗಿನ ಗ್ರೀಸನ್ನು ಒಣಬಟ್ಟೆಯಿಂದ ಪೂರ್ತಿ ತೆಗೆಯಿರಿ.

ಚುನಾವಣೆ ಬಂದಾಗ ಕೋವಿ ಠಾಣೆಗೆ ಜಮೆ ಮಾಡಬೇಕಾಗಿ ಬರಬಹುದು. ಎರಡು ತಿಂಗಳು ಹತ್ತಾರು ಕೋವಿಗಳ ಜೊತೆ ಒಂದು ಮೂಲೆಯಲ್ಲಿ ನಿಂತಿರುತ್ತದೆ, ಅಲ್ಲಿ ನಿಮ್ಮ ಸಿಲಿಕಾ ಜೆಲ್ ಇರುವುದಿಲ್ಲ. ಹಿಂದಿನ ರಾತ್ರಿಯೇ ಗ್ರೀಸು ಹಚ್ಚಿ, ಚೀಲವಿಲ್ಲದೆ ಹತ್ತಿಬಟ್ಟೆ ಸುತ್ತಿ ಕೊಡಿ. ರಸೀದಿಯಲ್ಲಿ ನಂಬರ್ ಸರಿಯಿದೆಯೇ ನೋಡಿಕೊಳ್ಳಿ. ತಂದ ದಿನವೇ ಬಿಚ್ಚಿ ಒರೆಸಿ.

ವಾಪಸ್ ಕೊಡುವ ಮಾತು: ನಾದ ಸತ್ತಿದ್ದರೆ, ಉಂಗುರ ಕಂಡರೆ, ಚೇಂಬರಿನ ಬಳಿ ಗುಳಿ ಇದ್ದರೆ ಡೀಲರ್ ಬಳಿ ಮಾತಾಡಿ. ಮಾರುವಾಗ ಅವರು ನೋಡಬೇಕಿತ್ತು, ಕೊಳ್ಳುವಾಗ ನೀವೂ ನೋಡಬೇಕಿತ್ತು. ಬರೀ ಹೊರಗಿನ ಚುಕ್ಕೆಗೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ನಾನಾಗಿದ್ದರೆ ಕೊಡುತ್ತಲೂ ಇರಲಿಲ್ಲ.

ಆಯುಧಪೂಜೆ ಹತ್ತಿರ ಬಂತು, ಅದಕ್ಕೇ ಇನ್ನೊಂದು ಮಾತು. ಪ್ರತಿ ವರ್ಷ ದಸರಾ ಕಳೆದು ಹದಿನೈದು ದಿನಕ್ಕೆ ನನ್ನ ಬಳಿ ಬರುವ ಕೋವಿಗಳಲ್ಲಿ ತುಕ್ಕು ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿರುತ್ತದೆ: ಚೇಂಬರಿನ ಮೇಲೆ ದುಂಡಗೆ, ಗಂಧ ಕುಂಕುಮ ಇಟ್ಟ ಕಡೆ. ನೀರಿನಲ್ಲಿ ಕಲಸಿದ ಗಂಧ ಒಣಗಿದ ಮೇಲೂ ತೇವ ಎಳೆಯುತ್ತದೆ. ಹೂವನ್ನೂ ಅದರ ಮೇಲೆ ರಾತ್ರಿಯಿಡೀ ಬಿಡುತ್ತಾರೆ. ನೀವು ಗಂಧವನ್ನು ಹಿಡಿಯ ಮರಕ್ಕೆ ಇಡಿ, ಹೂವನ್ನು ಪಕ್ಕದಲ್ಲಿಡಿ, ಸಂಜೆ ದೀಪ ಹಚ್ಚುವ ಮೊದಲು ಎಣ್ಣೆ ಬಟ್ಟೆಯಿಂದ ಒಮ್ಮೆ ಪೂರ್ತಿ ಒರೆಸಿ ಒಳಗಿಡಿ.